ಒಂದು ರೆಕ್ಕೆ ಬಿಚ್ಚದ ಆ್ಯಪಲ್: ಸಂಪರ್ಕ ಉಪಗ್ರಹ ಕಟ್ಟಲು ಭಾರತ ಕಲಿತ ಬಗೆ

1975ರ ಆಗಸ್ಟ್ 1ರಿಂದ 1976ರ ಜುಲೈ 31ರ ತನಕ, ಒಂದೇ ಒಂದು ವರ್ಷ, ಗುಲಬರ್ಗಾ, ರಾಯಚೂರು, ಬಿಜಾಪುರ ಜಿಲ್ಲೆಗಳ ನೂರಾರು ಹಳ್ಳಿಗಳಲ್ಲಿ ಸಂಜೆಯಾದರೆ ಶಾಲೆಯಲ್ಲೋ ಪಂಚಾಯಿತಿ ಕಟ್ಟಡದಲ್ಲೋ ಟಿವಿ ಹಚ್ಚುತ್ತಿದ್ದರು. ಬೆಂಗಳೂರಿಗೆ ದೂರದರ್ಶನ ಕೇಂದ್ರ ಬಂದದ್ದು 1981ರ ನವೆಂಬರ್‌ನಲ್ಲಿ. ರಾಜಧಾನಿಯವರು ಟಿವಿ ನೋಡುವುದಕ್ಕೆ ಆರು ವರ್ಷ ಮೊದಲೇ ಉತ್ತರ ಕರ್ನಾಟಕದ ಈ ಹಳ್ಳಿಗರು ಕನ್ನಡದ ಕಾರ್ಯಕ್ರಮಗಳನ್ನು ನೋಡಿದ್ದರು ಎಂಬುದು ಈಗ ಹೆಚ್ಚಿನವರಿಗೆ ಮರೆತೇಹೋಗಿದೆ. ಆ ಕಾರ್ಯಕ್ರಮಗಳು ಬರುತ್ತಿದ್ದುದು ಅಮೆರಿಕದ ಎಟಿಎಸ್-6 ಎಂಬ ಉಪಗ್ರಹದಿಂದ. ಸೈಟ್ ಎಂದು ಕರೆಯಲಾದ ಆ ಪ್ರಯೋಗದಲ್ಲಿ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳಿದ್ದವು. ವರ್ಷ ಮುಗಿಯಿತು, ಒಪ್ಪಂದದಂತೆ ನಾಸಾ ತನ್ನ ಉಪಗ್ರಹವನ್ನು ವಾಪಸು ಕರೆಸಿಕೊಂಡಿತು. ಅಲ್ಲಿಗೆ ಆ ಪ್ರಸಾರವೂ ನಿಂತಿತು.

1977ರಿಂದ ಎರಡು ವರ್ಷ ಫ್ರಾನ್ಸ್ ಮತ್ತು ಜರ್ಮನಿಯವರ ಸಿಂಫೊನಿ ಉಪಗ್ರಹ ಹೀಗೇ ಎರವಲು ಸಿಕ್ಕಿತು. ಟೆಲಿಫೋನ್, ರೇಡಿಯೊ, ಟಿವಿ ಸಂಪರ್ಕದ ಇನ್ನಷ್ಟು ಪ್ರಯೋಗಗಳು ನಡೆದವು. ನೆಲದ ಮೇಲಿನ ಕೆಲಸ, ಅಂದರೆ ಡಿಶ್ ಕಟ್ಟುವುದು, ಸಂಕೇತ ಹಿಡಿಯುವುದು, ಕಾರ್ಯಕ್ರಮ ತಯಾರಿಸುವುದು, ಇವೆಲ್ಲ ನಮ್ಮವರಿಗೆ ಚೆನ್ನಾಗಿ ಕೈಹತ್ತಿತು. ಮೇಲೆ ಕೂತಿರುವ ಪೆಟ್ಟಿಗೆಯನ್ನು ಕಟ್ಟುವುದು ಮಾತ್ರ ಗೊತ್ತಿರಲಿಲ್ಲ. ಅದನ್ನು ಕಲಿಯಲೆಂದೇ ಬೆಂಗಳೂರಿನಲ್ಲಿ ಕಟ್ಟಿದ ಉಪಗ್ರಹ ಆ್ಯಪಲ್. ಹಣ್ಣಿಗೂ ಇದಕ್ಕೂ ಸಂಬಂಧವಿಲ್ಲ. ಏರಿಯಾನ್ ಪ್ಯಾಸೆಂಜರ್ ಪೇಲೋಡ್ ಎಕ್ಸ್‌ಪೆರಿಮೆಂಟ್ ಎಂಬ ಉದ್ದನೆಯ ಹೆಸರಿನ ಗಿಡ್ಡ ರೂಪ ಅದು. ಹೆಸರಲ್ಲೇ ಇರುವಂತೆ ಅದೊಂದು ಪ್ರಯೋಗ. ಅದನ್ನು ನಂಬಿಕೊಂಡು ದೇಶದ ಯಾವ ಸೇವೆಯೂ ನಡೆಯಬೇಕಿರಲಿಲ್ಲ.

ಆರ್ಯಭಟಕ್ಕೂ ಇದಕ್ಕೂ ಏನು ವ್ಯತ್ಯಾಸ?

1975ರ ಏಪ್ರಿಲ್ 19ರಂದು ಹಾರಿದ ಆರ್ಯಭಟವನ್ನೂ ಬೆಂಗಳೂರಿನ ಪೀಣ್ಯದಲ್ಲೇ ಕಟ್ಟಿದ್ದು. ಕೈಗಾರಿಕಾ ಪ್ರದೇಶದ ಶೆಡ್ಡುಗಳಲ್ಲಿ, ಉಡುಪಿ ಬಳಿಯ ಅದಮಾರಿನ ಯು.ಆರ್. ರಾವ್ ಅವರ ನೇತೃತ್ವದಲ್ಲಿ. 360 ಕಿಲೋ ತೂಕದ, 26 ಮುಖಗಳ ದುಂಡನೆಯ ಪೆಟ್ಟಿಗೆ. ಸೌರಕೋಶಗಳನ್ನು ಮೈಮೇಲೆಯೇ ಅಂಟಿಸಿತ್ತು. ಅದು ಭೂಮಿಯಿಂದ ಸುಮಾರು 600 ಕಿಲೋಮೀಟರ್ ಎತ್ತರದಲ್ಲಿ ತನ್ನ ಪಾಡಿಗೆ ಗಿರಗಿರನೆ ತಿರುಗುತ್ತ ಸುತ್ತಿದರೆ ಸಾಕಿತ್ತು. ಯಾವ ಕಡೆಗೂ ಮುಖ ಮಾಡಿ ನಿಲ್ಲಬೇಕಿರಲಿಲ್ಲ, ಹೋದ ಮೇಲೆ ಏನನ್ನೂ ಬಿಚ್ಚಬೇಕಿರಲಿಲ್ಲ, ಕಕ್ಷೆ ಬದಲಿಸಬೇಕಿರಲಿಲ್ಲ.

ಸಂಪರ್ಕ ಉಪಗ್ರಹಕ್ಕೆ ಈ ಮೂರೂ ಬೇಕು. ನೆಲದ ಡಿಶ್ ಆಕಾಶದಲ್ಲಿ ಒಂದೇ ಬಿಂದುವನ್ನು ನೋಡುತ್ತಿರಬೇಕಾದರೆ ಉಪಗ್ರಹ ಭೂಮಿಯ ಜೊತೆಜೊತೆಗೇ ತಿರುಗಬೇಕು. ಸಮಭಾಜಕ ವೃತ್ತದ ನೇರ ಮೇಲೆ, 35,786 ಕಿಲೋಮೀಟರ್ ಎತ್ತರದಲ್ಲಿ ಮಾತ್ರ ಅದು ಸಾಧ್ಯ. ಅಲ್ಲಿರುವ ಉಪಗ್ರಹ ಒಂದು ಸುತ್ತು ಹಾಕಲು ಭೂಮಿ ಒಮ್ಮೆ ತಿರುಗುವಷ್ಟೇ ಹೊತ್ತು ತೆಗೆದುಕೊಳ್ಳುತ್ತದೆ. ಇದನ್ನೇ ಭೂಸ್ಥಿರ ಕಕ್ಷೆ ಅನ್ನುತ್ತಾರೆ. ಅಷ್ಟು ದೂರದಿಂದ ಕಳಿಸುವ ಸಂಕೇತ ಎಲ್ಲೆಲ್ಲೋ ಚೆಲ್ಲಿಹೋಗದಂತೆ ಉಪಗ್ರಹದ ಆಂಟೆನಾ ಹಗಲೂ ರಾತ್ರಿ ಭೂಮಿಯನ್ನೇ ನೋಡುತ್ತಿರಬೇಕು. ಅದೇ ಹೊತ್ತಿಗೆ ಸೌರ ಫಲಕಗಳು ಸೂರ್ಯನನ್ನು ನೋಡುತ್ತಿರಬೇಕು. ಒಂದೇ ದೇಹ ಎರಡು ದಿಕ್ಕಿಗೆ ಮುಖ ಮಾಡಬೇಕೆಂದರೆ ಫಲಕಗಳು ಮೈಗೆ ಅಂಟಿಕೊಂಡಿದ್ದರೆ ಆಗದು. ರೆಕ್ಕೆಗಳಂತೆ ಉತ್ತರಕ್ಕೊಂದು ದಕ್ಷಿಣಕ್ಕೊಂದು ಚಾಚಿಕೊಂಡು, ದಿನಕ್ಕೊಂದು ಸುತ್ತು ನಿಧಾನ ತಿರುಗುತ್ತಿರಬೇಕು. ಆದರೆ ರೆಕ್ಕೆ ಚಾಚಿಕೊಂಡೇ ರಾಕೆಟ್ಟಿನ ಮೂತಿಯೊಳಗೆ ಕೂರಲಾಗದು. ಮಡಚಿ ಒಯ್ಯಬೇಕು, ಮೇಲೆ ಹೋಗಿ ಬಿಚ್ಚಬೇಕು. ಆ್ಯಪಲ್‌ನ ಕತೆ ತಿರುವು ಪಡೆಯುವುದು ಇಲ್ಲೇ.

ಪುಕ್ಕಟೆ ಪಯಣ

ಅಷ್ಟು ಎತ್ತರಕ್ಕೆ ಒಯ್ಯುವ ರಾಕೆಟ್ ಆಗ ನಮ್ಮಲ್ಲಿರಲಿಲ್ಲ. ನಮ್ಮ ಎಸ್‌ಎಲ್‌ವಿ-3 ಮೊದಲ ಬಾರಿ ಯಶಸ್ವಿಯಾದದ್ದೇ 1980ರ ಜುಲೈ 18ರಂದು, ಅದೂ ಸುಮಾರು 35 ಕಿಲೋ ತೂಕದ ರೋಹಿಣಿಯನ್ನು ಹೊತ್ತು. ಆ್ಯಪಲ್ ತೂಗುತ್ತಿದ್ದದ್ದು 670 ಕಿಲೋ. ಯೂರೋಪಿನವರು ಆಗ ಏರಿಯಾನ್ ಎಂಬ ಹೊಸ ರಾಕೆಟ್ ಕಟ್ಟುತ್ತಿದ್ದರು. ಅದರ ಪರೀಕ್ಷಾ ಹಾರಾಟಗಳಲ್ಲಿ ಖಾಲಿ ಜಾಗ ಇತ್ತು. ಯಾರಾದರೂ ತಮ್ಮ ಉಪಗ್ರಹ ತಂದರೆ ಪುಕ್ಕಟೆ ಒಯ್ಯುತ್ತೇವೆ ಎಂದು ಯೂರೋಪಿನ ಬಾಹ್ಯಾಕಾಶ ಸಂಸ್ಥೆ ಕರೆ ಕೊಟ್ಟಿತು. ಇಸ್ರೊ ಅರ್ಜಿ ಹಾಕಿತು, ಜಾಗ ಸಿಕ್ಕಿತು.

ಪುಕ್ಕಟೆ ಅಂದಮೇಲೆ ಅಪಾಯವೂ ನಮ್ಮದೇ. 1979ರ ಡಿಸೆಂಬರ್ 24ರ ಮೊದಲ ಹಾರಾಟ ಗೆದ್ದಿತು. 1980ರ ಮೇ 23ರ ಎರಡನೆಯದು ಮೊದಲ ಹಂತದ ಒಂದು ಎಂಜಿನ್ನಿನಲ್ಲಿ ಉರಿ ಹದ ತಪ್ಪಿ ಅಟ್ಲಾಂಟಿಕ್ ಸಾಗರದ ಪಾಲಾಯಿತು. ಆ್ಯಪಲ್‌ನ ಸರದಿ ಮೂರನೆಯದು. ಮೂವರು ಪ್ರಯಾಣಿಕರನ್ನು ಒಬ್ಬರ ಮೇಲೊಬ್ಬರನ್ನು ಕೂರಿಸಿದ್ದರು: ತುದಿಯಲ್ಲಿ ಯೂರೋಪಿನ ಹವಾಮಾನ ಉಪಗ್ರಹ ಮೀಟಿಯೊಸ್ಯಾಟ್-2, ನಡುವೆ ಆ್ಯಪಲ್, ಕೆಳಗೆ ರಾಕೆಟ್ಟಿನ ಕಂಪನ ಇತ್ಯಾದಿ ಅಳೆಯುವ ಉಪಕರಣಗಳ ಕ್ಯಾಟ್ ಎಂಬ ಕೋಶ. ನಡುವಿನ ಸೀಟು ಸಿಕ್ಕಿದ್ದರ ಅರ್ಥ ಇಷ್ಟೇ: ಮೇಲೆ ಕೂತ ದುಬಾರಿ ಅತಿಥಿಯ ಭಾರವನ್ನು ಉಡಾವಣೆಯ ಕುಲುಕಾಟದುದ್ದಕ್ಕೂ ನಮ್ಮ ಉಪಗ್ರಹವೇ ಹೊರಬೇಕು. ಮೊದಲ ಸಲ ಇಂಥದ್ದನ್ನು ಕಟ್ಟುತ್ತಿದ್ದವರಿಗೆ ಇದು ಸಣ್ಣ ಷರತ್ತೇನಲ್ಲ. ತನ್ನ ಮೈ ತಾನು ಹೊತ್ತರೆ ಸಾಲದು, ಇನ್ನೊಬ್ಬರ ಉಪಗ್ರಹಕ್ಕೆ ಕಂಬವೂ ಆಗಬೇಕಿತ್ತು.

ಯೋಜನೆಯ ನಿರ್ದೇಶಕರಾಗಿದ್ದವರು ಆರ್.ಎಂ. ವಾಸಗಂ. ಇಸ್ರೊ ಅಧ್ಯಕ್ಷರಾಗಿ ಸತೀಶ್ ಧವನ್ ಇದ್ದರು. ಆ್ಯಪಲ್‌ನ ದೇಹ ಸುಮಾರು 1.2 ಮೀಟರ್ ಅಗಲ, ಅಷ್ಟೇ ಎತ್ತರದ ಸಿಲಿಂಡರ್. ನೆತ್ತಿಯ ಮೇಲೆ 0.9 ಮೀಟರಿನ ಡಿಶ್ ಆಂಟೆನಾ.

ಎತ್ತಿನ ಗಾಡಿ ಯಾಕೆ?

ಆ್ಯಪಲ್ ಹೆಸರು ಕೇಳದವರೂ ಅದರ ಒಂದು ಫೋಟೊ ನೋಡಿರುತ್ತಾರೆ. ಬಯಲಿನಲ್ಲಿ ಎರಡು ಎತ್ತು ಕಟ್ಟಿದ ಗಾಡಿ, ಗಾಡಿಯ ಮೇಲೆ ಉಪಗ್ರಹ. ವರ್ಷಕ್ಕೆ ನಾಲ್ಕು ಸಲವಾದರೂ ವಾಟ್ಸ್ಆ್ಯಪ್‌ನಲ್ಲಿ ಬರುತ್ತದೆ. ಲಾರಿಗೂ ಗತಿಯಿಲ್ಲದ ಕಾಲದಿಂದ ಚಂದ್ರನವರೆಗೆ ಎಂಬಂಥ ಒಕ್ಕಣೆ ಕೆಳಗಿರುತ್ತದೆ. ಇಸ್ರೊ ಬಳಿ ಲಾರಿ ಇರಲಿಲ್ಲ ಎಂಬುದು ಶುದ್ಧ ಸುಳ್ಳು. ಬೇಕಾಗಿದ್ದದ್ದು ಲೋಹವಿಲ್ಲದ ವಾಹನ.

ಉಪಗ್ರಹಕ್ಕೆ ಆಜ್ಞೆ ಕಳಿಸಲು, ಅದರ ಆರೋಗ್ಯ ವಿಚಾರಿಸಲು ಒಂದು ಪ್ರತ್ಯೇಕ ರೇಡಿಯೊ ಸಂಪರ್ಕ ಇರುತ್ತದೆ. ಆ್ಯಪಲ್‌ನಲ್ಲಿ ಅದು ವಿಎಚ್‌ಎಫ್ ತರಂಗಗಳಲ್ಲಿತ್ತು. ಆ ಅಲೆಯ ಉದ್ದ ಸುಮಾರು ಎರಡು ಮೀಟರ್. ಅಲೆಯ ಉದ್ದದಷ್ಟೇ ಗಾತ್ರದ ಲೋಹ ಹತ್ತಿರದಲ್ಲಿದ್ದರೆ ಅದು ಸುಮ್ಮನಿರುವುದಿಲ್ಲ. ಅಲೆಯನ್ನು ಹೀರಿ ಮತ್ತೆ ಸೂಸುತ್ತದೆ, ತಾನೂ ಆಂಟೆನಾದ ಭಾಗವಾಗಿಬಿಡುತ್ತದೆ. ಲಾರಿಯ ಮೇಲಿಟ್ಟು ಅಳೆದರೆ ಸಿಗುವುದು ಉಪಗ್ರಹ ಮತ್ತು ಲಾರಿ ಎರಡೂ ಕೂಡಿದ ಆಂಟೆನಾದ ಲೆಕ್ಕ. ಆಕಾಶದಲ್ಲಿ ಕೆಳಗೆ ಲಾರಿ ಇರುವುದಿಲ್ಲ. ಒಣ ಮರ ಈ ಅಲೆಗಳಿಗೆ ಹೆಚ್ಚುಕಡಿಮೆ ಇಲ್ಲದ ಹಾಗೆಯೇ. ಇದಕ್ಕೆಂದೇ ಮೀಸಲಾದ, ಪ್ರತಿಫಲನವಿಲ್ಲದ ದೊಡ್ಡ ಪರೀಕ್ಷಾ ಕೋಣೆ ಆಗ ಕೈಗೆಟುಕುವಂತಿರಲಿಲ್ಲ. ಹಾಗಾಗಿ ತೆರೆದ ಬಯಲು, ಮರದ ಗಾಡಿ. ಬಡತನದ ಗುರುತೆಂದು ಹಂಚುವ ಆ ಫೋಟೊದಲ್ಲಿ ನನಗೆ ಕಾಣುವುದು ಒಂದು ಅಳತೆಯನ್ನು ಸರಿಯಾಗಿ ಮಾಡಬೇಕೆಂಬ ಹಟ.

ಮೂರು ನೆಗೆತದ ದಾರಿ

1981ರ ಜೂನ್ 19. ದಕ್ಷಿಣ ಅಮೆರಿಕದ ಫ್ರೆಂಚ್ ಗಯಾನಾದ ಕೌರೂ ಉಡಾವಣಾ ಕೇಂದ್ರದಿಂದ ಏರಿಯಾನ್ ಮೇಲೆದ್ದಿತು. ಈ ಸಲ ಎಲ್ಲವೂ ನೆಟ್ಟಗಾಯಿತು.

ರಾಕೆಟ್ ಉಪಗ್ರಹವನ್ನು ನೇರ ಅದರ ಜಾಗಕ್ಕೆ ಬಿಡುವುದಿಲ್ಲ. ಒಂದು ತುದಿ ಭೂಮಿಗೆ ಇನ್ನೂರು ಕಿಲೋಮೀಟರ್ ಹತ್ತಿರ, ಇನ್ನೊಂದು ತುದಿ ಸುಮಾರು 36,000 ಕಿಲೋಮೀಟರ್ ದೂರ, ಹೀಗೆ ಉದ್ದನೆ ಮೊಟ್ಟೆಯಾಕಾರದ ದಾರಿಗೆ ಬಿಡುತ್ತದೆ. ಇದು ವರ್ಗಾವಣೆ ಕಕ್ಷೆ. ದೂರದ ತುದಿ ತಲುಪುವ ಹೊತ್ತಿಗೆ ಉಪಗ್ರಹದ ವೇಗ ಸೆಕೆಂಡಿಗೆ ಸುಮಾರು 1.6 ಕಿಲೋಮೀಟರಿಗೆ ಇಳಿದಿರುತ್ತದೆ. ಅಲ್ಲೇ ದುಂಡಗೆ ಸುತ್ತಲು ಬೇಕಾದದ್ದು ಸುಮಾರು 3.1 ಕಿಲೋಮೀಟರ್. ಕೊರತೆ ತುಂಬದಿದ್ದರೆ ಮತ್ತೆ ಭೂಮಿಯ ಹತ್ತಿರಕ್ಕೆ ಜಾರುತ್ತದೆ. ಆ ಕೊರತೆ ತುಂಬುವುದು ಉಪಗ್ರಹದ ಹೊಟ್ಟೆಯಲ್ಲೇ ಇರುವ ಮೋಟಾರು. ದೂರದ ತುದಿಯಲ್ಲಿ, ಅಪೋಜಿಯಲ್ಲಿ, ಉರಿಯುವುದರಿಂದ ಅದಕ್ಕೆ ಅಪೋಜಿ ಮೋಟಾರು ಎಂದೇ ಹೆಸರು.

ಆ ಮೋಟಾರು ನಮ್ಮದೇ. ಎಸ್‌ಎಲ್‌ವಿ-3ರ ನಾಲ್ಕನೆಯ ಹಂತವನ್ನೇ ತಿರುವನಂತಪುರದಲ್ಲಿ ತಿದ್ದಿ ತೀಡಿ ಇದಕ್ಕೆ ಒಗ್ಗಿಸಿದ್ದರು. ಪುಟ್ಟ ರಾಕೆಟ್ಟಿಗೆಂದು ಮಾಡಿದ್ದು 36,000 ಕಿಲೋಮೀಟರ್ ಎತ್ತರದಲ್ಲಿ ಕೆಲಸಕ್ಕೆ ಬಂತು. ಇದು ಘನ ಇಂಧನದ ಮೋಟಾರು. ಒಮ್ಮೆ ಹೊತ್ತಿದರೆ ಪೂರ್ತಿ ಉರಿದೇ ಮುಗಿಯಬೇಕು, ನಡುವೆ ಆರಿಸುವಂತಿಲ್ಲ, ಮತ್ತೆ ಹಚ್ಚುವಂತಿಲ್ಲ. ಆ ಒಂದು ಉರಿಯುವಿಕೆಯ ಹೊತ್ತಲ್ಲಿ ಉಪಗ್ರಹದ ಮೂತಿ ಅತ್ತಿತ್ತ ಹೊರಳಿದರೆ ಅಷ್ಟೂ ಬಲ ತಪ್ಪು ದಿಕ್ಕಿಗೆ. ಅದಕ್ಕೇ ಅಲ್ಲಿಯವರೆಗೆ ಉಪಗ್ರಹವನ್ನು ಬುಗುರಿಯಂತೆ ತಿರುಗಿಸುತ್ತಾರೆ. ತಿರುಗುವ ಬುಗುರಿ ಬೀಳದಂತೆ, ತಿರುಗುವ ಉಪಗ್ರಹ ದಿಕ್ಕು ಬಿಡುವುದಿಲ್ಲ.

ಮೋಟಾರು ಹಚ್ಚುವ ಆಜ್ಞೆ ಹೋದದ್ದು ಶ್ರೀಹರಿಕೋಟಾದಿಂದ. ಹೊತ್ತಿತು, ಉರಿಯಿತು, ಮುಗಿಯಿತು. ಭಾರತೀಯರು ಮಾಡಿದ ಮೋಟಾರೊಂದು ಭಾರತೀಯ ಉಪಗ್ರಹವನ್ನು ಭೂಸ್ಥಿರ ಕಕ್ಷೆಗೆ ತಳ್ಳಿದ್ದು ಅದೇ ಮೊದಲು. ನನ್ನ ಮಟ್ಟಿಗೆ ಇಡೀ ಯೋಜನೆಯ ದೊಡ್ಡ ಗೆಲುವು ಇದು. ಆದರೆ ಜನಕ್ಕೆ ನೆನಪಿರುವುದು ಗಾಡಿ.

ಇನ್ನು ಮೂರನೆಯ ಮಜಲು. ತಿರುಗುವುದನ್ನು ನಿಲ್ಲಿಸಬೇಕು, ಫಲಕ ಬಿಚ್ಚಬೇಕು, ಭೂಮಿಯನ್ನು ಹುಡುಕಿ ಅದರತ್ತ ಮುಖ ಮಾಡಬೇಕು. ಮೈ ತಿರುಗದೆ ಸ್ಥಿರವಾಗಿರಲು ಒಳಗೆ ಒಂದು ಭಾರದ ಚಕ್ರ ಜೋರಾಗಿ ಸುತ್ತುತ್ತಿರುತ್ತದೆ. ಹೊರಗಿನ ಬುಗುರಿಯಾಟವನ್ನು ಒಳಗಿನ ಚಕ್ರಕ್ಕೆ ವಹಿಸಿಕೊಟ್ಟ ಹಾಗೆ. ಸಣ್ಣಪುಟ್ಟ ಓಲಾಟ ತಿದ್ದಲು, ಜಾಗ ಬಿಟ್ಟು ಸರಿಯದಂತೆ ನೋಡಿಕೊಳ್ಳಲು ಹೈಡ್ರಜೀನ್ ಇಂಧನದ ಪುಟ್ಟ ಜೆಟ್‌ಗಳು. ಮೂರೂ ಅಕ್ಷಗಳಲ್ಲಿ ನಿಲುವು ಕಾಯುವ ಈ ವಿದ್ಯೆಯನ್ನು ಅಷ್ಟು ದಿನ ಪುಸ್ತಕದಲ್ಲಿ ಓದಿದ್ದವರು ಈಗ ನಿಜವಾಗಿ ಮಾಡಬೇಕಿತ್ತು.

ಬಿಚ್ಚದ ರೆಕ್ಕೆ

ಆಜ್ಞೆ ಕಳಿಸಿದರು. ಒಂದು ಫಲಕ ಬಿಚ್ಚಿಕೊಂಡಿತು. ಇನ್ನೊಂದು ಬಿಚ್ಚಲೇ ಇಲ್ಲ.

ಮಡಚಿದ್ದನ್ನು ಬಿಚ್ಚುವುದು ಅಷ್ಟು ಕಷ್ಟವೇ ಅನ್ನಿಸಬಹುದು. ನೆಲದ ಮೇಲೆ ಇದನ್ನು ಸರಿಯಾಗಿ ಪರೀಕ್ಷಿಸುವುದೇ ಮೊದಲ ತೊಡಕು. ತೂಕವಿಲ್ಲದ ಸ್ಥಿತಿಗೆಂದು ಮಾಡಿದ ಫಲಕ ತೀರಾ ಹಗುರ, ತೀರಾ ನಾಜೂಕು. ಇಲ್ಲಿ ಬಿಚ್ಚಿದರೆ ತನ್ನ ಭಾರಕ್ಕೇ ಬಾಗುತ್ತದೆ. ಮೇಲಿನಿಂದ ದಾರಗಳಲ್ಲಿ ತೂಗುಹಾಕಿಯೋ, ಕೆಳಗಿನಿಂದ ಆಸರೆ ಕೊಟ್ಟೋ ಬಿಚ್ಚಿ ನೋಡಬೇಕು. ಆಸರೆ ಕೊಟ್ಟ ಪರೀಕ್ಷೆ ಅಸಲಿ ಪರೀಕ್ಷೆಯಲ್ಲ. ಮೇಲೆ ನಿರ್ವಾತ. ಅಲ್ಲಿ ಸಾಧಾರಣ ಎಣ್ಣೆ ಗ್ರೀಸು ಆವಿಯಾಗಿಹೋಗುತ್ತದೆ. ಒಂದಕ್ಕೊಂದು ಒತ್ತಿಕೊಂಡ ಎರಡು ಶುದ್ಧ ಲೋಹದ ಮೈಗಳು, ನಡುವೆ ಗಾಳಿಯೂ ತುಕ್ಕೂ ಇಲ್ಲದ್ದರಿಂದ, ಬೆಸುಗೆ ಹಾಕಿದಂತೆ ಅಂಟಿಕೊಳ್ಳಬಹುದು. ಬಿಸಿಲಿಗೆ ಒಂದು ಬದಿ ಕಾದು ಹಿಗ್ಗುತ್ತದೆ, ನೆರಳಿನ ಬದಿ ಕುಗ್ಗುತ್ತದೆ. ಕೂದಲೆಳೆಯಷ್ಟು ಸಂದಿಯಿದ್ದ ಕೀಲು ಕಚ್ಚಿಕೊಳ್ಳಲು ಅಷ್ಟು ಸಾಕು. ಕೈ ಹಾಕಿ ಒಮ್ಮೆ ತಟ್ಟಿದರೆ ಸರಿಹೋಗುವಂಥದ್ದೇ ಇರಬಹುದು. ತಟ್ಟಲು ಅಲ್ಲಿ ಯಾರೂ ಇಲ್ಲ.

ಬಿಚ್ಚದ ಫಲಕ ತಂದ ಮೊದಲ ತೊಂದರೆ ವಿದ್ಯುತ್ತಿನದು. ಒಟ್ಟು ಲೆಕ್ಕ ಇದ್ದದ್ದೇ 210 ವ್ಯಾಟ್. ಅದರಲ್ಲಿ ಅರ್ಧದ ಮೂಲವೇ ಕೈಕೊಟ್ಟಿತು. ಇಷ್ಟೇ ಆಗಿದ್ದರೆ ಕಡಿಮೆ ಖರ್ಚಿನಲ್ಲಿ ಸಂಸಾರ ನಡೆಸಿದರಾಯಿತು. ಆದರೆ ಮಡಚಿದ ಫಲಕ ತಾನು ಅಂಟಿಕೊಂಡ ಕಡೆಯ ಮೈಯನ್ನು ಮುಚ್ಚುತ್ತದೆ. ನಿರ್ವಾತದಲ್ಲಿ ಗಾಳಿ ಬೀಸಿ ತಣಿಸುವುದಿಲ್ಲ. ಒಳಗಿನ ಯಂತ್ರಗಳ ಶಾಖ ಮೈಯಿಂದ ಕಿರಣವಾಗಿ ಹೊರಹೋಗುವುದೊಂದೇ ದಾರಿ, ಅದಕ್ಕೇ ಅಡ್ಡಿ. ಮೂರನೆಯದು ಯಾರಿಗೂ ಥಟ್ಟನೆ ಹೊಳೆಯದ್ದು. ಬಿಸಿಲಿಗೂ ಒಂದು ಒತ್ತಡವಿದೆ, ಲೆಕ್ಕಕ್ಕೇ ಇಲ್ಲವೆಂಬಷ್ಟು ಅತ್ಯಲ್ಪ. ಎರಡೂ ಕಡೆ ರೆಕ್ಕೆ ಇದ್ದರೆ ಆ ಒತ್ತಡ ಸಮವಾಗಿ ಬಿದ್ದು ಅಲ್ಲಿಗಲ್ಲಿಗೆ ಸರಿಹೋಗುತ್ತದೆ. ಒಂದೇ ಕಡೆ ಇದ್ದರೆ ದಿನವೂ ರಾತ್ರಿಯೂ ಉಪಗ್ರಹವನ್ನು ಒಂದು ಬದಿಗೆ ತಿರುಚುತ್ತಲೇ ಇರುತ್ತದೆ. ಪ್ರತಿ ಸಲವೂ ತಿದ್ದಲು ಪ್ರಯತ್ನ ಬೇಕು.

ವರ್ಷದಲ್ಲಿ ಎರಡು ಸಲ, ಮಾರ್ಚ್ ಮತ್ತು ಸೆಪ್ಟೆಂಬರ್ ಆಸುಪಾಸಿನ ಕೆಲವು ವಾರ, ಭೂಸ್ಥಿರ ಉಪಗ್ರಹಗಳಿಗೆ ನಿತ್ಯ ಗ್ರಹಣ. ನಡುರಾತ್ರಿಯ ಹೊತ್ತಿಗೆ ಹೆಚ್ಚೆಂದರೆ 72 ನಿಮಿಷ ಭೂಮಿಯ ನೆರಳಿನಲ್ಲಿ ಹಾದುಹೋಗಬೇಕು. ಆಗ ಬ್ಯಾಟರಿಯೇ ಗತಿ. ಒಂಟಿ ಫಲಕ ಬ್ಯಾಟರಿಯನ್ನೂ ತುಂಬಬೇಕು, ಯಂತ್ರಗಳನ್ನೂ ನಡೆಸಬೇಕು. ಯಾವುದನ್ನು ಯಾವಾಗ ಹಚ್ಚಬೇಕು, ಯಾವುದನ್ನು ಆರಿಸಬೇಕು ಎಂದು ಎಣಿಸಿ ಎಣಿಸಿ ನಡೆಸುವುದೇ ನೆಲದಲ್ಲಿದ್ದವರ ದಿನಚರಿ. ಎಲ್ಲವೂ ಸರಿಯಾಗಿದ್ದ ಉಪಗ್ರಹ ಈ ಪಾಠವನ್ನು ಇಷ್ಟು ಗಟ್ಟಿಯಾಗಿ ಕಲಿಸುತ್ತಿರಲಿಲ್ಲ.

ಅಂತೂ ಆ್ಯಪಲ್ ಪೂರ್ವ ರೇಖಾಂಶ 102 ಡಿಗ್ರಿಯಲ್ಲಿ, ಇಂಡೊನೇಷ್ಯಾದ ಮೇಲೆ, ನೆಲೆ ನಿಂತಿತು. ಬೆಂಗಳೂರಿನಿಂದ ನೋಡಿದರೆ ಪೂರ್ವ ಮತ್ತು ಆಗ್ನೇಯದ ನಡುವೆ, ದಿಗಂತದಿಂದ ಸುಮಾರು 58 ಡಿಗ್ರಿ ಮೇಲೆ. 1981ರ ಆಗಸ್ಟ್ 13ರಂದು ಪ್ರಧಾನಿ ಇಂದಿರಾ ಗಾಂಧಿ ಅದನ್ನು ದೇಶಕ್ಕೆ ಅರ್ಪಿಸಿದರು. ಮರುವರ್ಷ ಅಂಚೆಚೀಟಿಯೂ ಬಂತು.

ಏನು ಕೆಲಸ ಮಾಡಿತು?

ಅದರಲ್ಲಿದ್ದದ್ದು ಎರಡು ಸಿ-ಬ್ಯಾಂಡ್ ಟ್ರಾನ್ಸ್‌ಪಾಂಡರ್‌ಗಳು. ಟ್ರಾನ್ಸ್‌ಪಾಂಡರ್ ಅಂದರೆ ಕೇಳಿದ್ದನ್ನು ಗಟ್ಟಿಯಾಗಿ ಮತ್ತೆ ಹೇಳುವ ಯಂತ್ರ. ನೆಲದಿಂದ 6 ಗಿಗಾಹರ್ಟ್ಸ್ ಸುಮಾರಿನಲ್ಲಿ ಬಂದ ಸಂಕೇತವನ್ನು ಹಿಡಿದು, 4 ಗಿಗಾಹರ್ಟ್ಸ್‌ಗೆ ಇಳಿಸಿ, ಬಲ ತುಂಬಿ ಕೆಳಗೆ ಕಳಿಸುತ್ತದೆ. ಎರಡು ಬೇರೆ ಬೇರೆ ಆವರ್ತನ ಯಾಕೆಂದರೆ, ನೆಲದಿಂದ ತಲುಪುವ ಸಂಕೇತ ತೀರಾ ಕ್ಷೀಣ. ಅದೇ ಆವರ್ತನದಲ್ಲಿ ತಾನು ಕೂಗಿದರೆ ತನ್ನ ಕೂಗೇ ತನ್ನ ಕಿವಿ ತುಂಬಿ ಕೆಳಗಿನದು ಕೇಳಿಸದು.

ಟಿವಿ ಪ್ರಸಾರ, ರೇಡಿಯೊ ಕೇಂದ್ರಗಳ ಜೋಡಣೆ, ಕಂಪ್ಯೂಟರ್‌ಗಳ ನಡುವೆ ಮಾಹಿತಿ ವಿನಿಮಯ, ತುರ್ತು ಹೊತ್ತಲ್ಲಿ ಒಯ್ಯಬಹುದಾದ ಪುಟ್ಟ ಟರ್ಮಿನಲ್‌ಗಳು, ಹೀಗೆ ಪ್ರಯೋಗಗಳ ಪಟ್ಟಿ ಉದ್ದವಿದೆ. ನನಗೆ ಬಹಳ ಕುತೂಹಲದ್ದು ಅನಿಸುವುದು ಒಂದೇ ಟ್ರಾನ್ಸ್‌ಪಾಂಡರನ್ನು ಹಲವು ನೆಲ ಕೇಂದ್ರಗಳು ಸರದಿಯ ಮೇಲೆ ಬಳಸುವ ವಿಧಾನ. ಪ್ರತಿ ಕೇಂದ್ರಕ್ಕೂ ಸೆಕೆಂಡಿನ ಸಾವಿರದ ಭಾಗದ ಲೆಕ್ಕದಲ್ಲಿ ಪಾಳಿ. ತನ್ನ ಪಾಳಿಯಲ್ಲಿ ಮಾತು ಮುಗಿಸಿ ಸುಮ್ಮನಾಗಬೇಕು. ಕೇಳಲು ಸುಲಭ. ಆದರೆ ಸಂಕೇತ ಹೋಗಿ ಬರಲು ಕಾಲು ಸೆಕೆಂಡ್ ಬೇಕು. ಪ್ರತಿ ಕೇಂದ್ರಕ್ಕೂ ಉಪಗ್ರಹಕ್ಕೂ ಇರುವ ದೂರ ಬೇರೆ, ಉಪಗ್ರಹವೂ ಕೊಂಚ ಅಲುಗಾಡುತ್ತಿರುವುದರಿಂದ ಆ ದೂರವೂ ಬದಲಾಗುತ್ತಿರುತ್ತದೆ. ಎಲ್ಲರ ಸಂಕೇತಗಳೂ ಮೇಲೆ ತಲುಪುವಾಗ ಒಂದರ ಮೇಲೊಂದು ಬೀಳದಂತೆ ಗಡಿಯಾರ ಹೊಂದಿಸುವುದೇ ಇಲ್ಲಿನ ಕಸುಬು.

ಎರಡು ವರ್ಷಕ್ಕೆಂದು ಕಟ್ಟಿದ್ದ ಆ್ಯಪಲ್ 27 ತಿಂಗಳು ದುಡಿಯಿತು. 1983ರ ಸೆಪ್ಟೆಂಬರ್ 19ರಂದು ಕೆಲಸ ನಿಲ್ಲಿಸಿತು.

ಈ ನಡುವೆ ನಿತ್ಯದ ಸೇವೆಗೆಂದು ಅಮೆರಿಕದ ಫೋರ್ಡ್ ಏರೋಸ್ಪೇಸ್ ಕಂಪನಿಯಿಂದ ಕೊಂಡ ಇನ್ಸ್ಯಾಟ್-1ಎ 1982ರ ಏಪ್ರಿಲ್‌ನಲ್ಲಿ ಹಾರಿತು. ಅದನ್ನು ನಡೆಸಲು ಹಾಸನದಲ್ಲಿ ನಿಯಂತ್ರಣ ಕೇಂದ್ರ ಸಿದ್ಧವಾಗಿತ್ತು. ಅದರದ್ದೂ ಬಿಚ್ಚುವ ಗೋಳೇ. ಒಂದು ಆಂಟೆನಾ ಸುಲಭಕ್ಕೆ ಬಿಚ್ಚಲಿಲ್ಲ, ಬಿಸಿಲಿನ ಒತ್ತಡ ಸರಿದೂಗಿಸಲೆಂದಿದ್ದ ಸೌರ ಹಾಯಿ ಬಿಚ್ಚಲೇ ಇಲ್ಲ. ಕೊನೆಗೆ ಇಂಧನ ಬರಿದಾಗಿ ಸೆಪ್ಟೆಂಬರ್ 6ಕ್ಕೆ ಕತೆ ಮುಗಿಯಿತು, ಐದು ತಿಂಗಳಿಗೆ. 1983ರ ಆಗಸ್ಟ್ ಕೊನೆಯಲ್ಲಿ ಚಾಲೆಂಜರ್ ನೌಕೆಯಿಂದ ಹೊರಟ ಇನ್ಸ್ಯಾಟ್-1ಬಿಯ ಸೌರ ಫಲಕವೂ ಮೊದಲಿಗೆ ಬಿಚ್ಚದೆ ಸೆಪ್ಟೆಂಬರ್ ನಡುವಿನ ತನಕ ಸತಾಯಿಸಿತು. ಪಳಗಿದ ಕಂಪನಿಯ ಎರಡು ಉಪಗ್ರಹಗಳ ಪಾಡು ಇದು. ಪೀಣ್ಯದ ಶೆಡ್ಡಿನಲ್ಲಿ ಕಟ್ಟಿದ್ದಕ್ಕೇ ಆ್ಯಪಲ್‌ನ ರೆಕ್ಕೆ ಬಿಚ್ಚಲಿಲ್ಲ ಎನ್ನುವವರು ಇದನ್ನೂ ಜೊತೆಗಿಟ್ಟು ನೋಡಬೇಕು.

ಕಲಿತದ್ದನ್ನು ದೊಡ್ಡ ಉಪಗ್ರಹಕ್ಕೆ ಒಗ್ಗಿಸಲು ಇಸ್ರೊಗೆ ಹಿಡಿದದ್ದು 11 ವರ್ಷ. ನಾವೇ ಕಟ್ಟಿದ ಇನ್ಸ್ಯಾಟ್-2ಎ 1992ರ ಜುಲೈ 10ರಂದು ಅದೇ ಕೌರೂನಿಂದ ಏರಿಯಾನ್‌ನಲ್ಲೇ ಹೋಯಿತು. ಈ ಸಲ ಬಾಡಿಗೆ ತೆತ್ತು. ತೂಕ 1,900 ಕಿಲೋ ಸುಮಾರು, ಆ್ಯಪಲ್‌ನ ಮೂರರಷ್ಟು. ಅದಕ್ಕೆ ಸೌರ ಫಲಕಗಳಿದ್ದದ್ದು ಒಂದೇ ಕಡೆ, ಅದೂ ಬೇಕೆಂದೇ. ಮೋಡಗಳ ಚಿತ್ರ ತೆಗೆಯುವ ಅದರ ಕ್ಯಾಮೆರಾ ತಣ್ಣಗಿರಲು ಇನ್ನೊಂದು ಬದಿ ಬಿಸಿಲೂ ಫಲಕವೂ ಇಲ್ಲದೆ ಖಾಲಿ ಆಕಾಶವನ್ನು ನೋಡುತ್ತಿರಬೇಕಿತ್ತು. ಒಂಟಿ ರೆಕ್ಕೆಯ ಮೇಲಿನ ಬಿಸಿಲಿನ ಒತ್ತಡವನ್ನು ಸರಿದೂಗಿಸಲು ಎದುರು ಬದಿಯಲ್ಲಿ ಉದ್ದನೆಯ ಕೋಲಿನ ತುದಿಗೆ ಒಂದು ಸೌರ ಹಾಯಿ ಕಟ್ಟಿದ್ದರು.